ತಾನೇ ಬ್ರೇಕು ಹಾಕುವ ಮೋಟಾರು

ರಾಜಾಜಿನಗರದ ಗೃಹಸ್ಥನೊಬ್ಬನು ಇಂದು ಸಂಸಾರಕ್ಕೆಂದು ದೊಡ್ಡ ಮೋಟಾರು ಕೊಳ್ಳಹೊರಟರೆ ಮಾರುವವರು ಹೊಗಳುವುದು ‘ಅಡಾಸ್’ ಎಂಬ ಸಲಕರಣೆಯನ್ನು. ಮುಂಗಾಜಿನ ಹಿಂದೆ ಕ್ಯಾಮೆರಾ, ಮುಂಭಾಗದಲ್ಲಿ ರೇಡಾರ್. ಎದುರಿನ ವಾಹನ ತೀರ ಸಮೀಪಿಸಿದರೆ ಚಾಲಕನನ್ನು ಎಚ್ಚರಿಸುವುದು, ಅವನು ಮೈಮರೆತಿದ್ದರೆ ತಾನೇ ಬ್ರೇಕು ಹಾಕುವುದು ಇದರ ಕೆಲಸ. 2021ರಲ್ಲಿ ಮಹೀಂದ್ರ ಎಕ್ಸ್‌ಯುವಿ 700 ಬಂದ ಮೇಲೆ ಮಧ್ಯಮ ವರ್ಗದವರಿಗೂ ಇದರ ಪರಿಚಯವಾಯಿತು. ಆದರೆ ಬಹುಮಟ್ಟಿಗೆ ಇದು ದುಬಾರಿ ಮಾದರಿಗಳಿಗಷ್ಟೇ ಮೀಸಲು; ಬೇಡದ ಸನ್‌ರೂಫಿಗೂ ಹಣ ತೆರಬೇಕು.

ಸಂಜೆಯ ಮಾಗಡಿ ರಸ್ತೆಯಲ್ಲಿ ಈ ಸಲಕರಣೆಯ ಪಾಡು ನೋಡಬೇಕು! ಎಡಬಲಗಳಿಂದ ಸ್ಕೂಟರುಗಳು ನುಸುಳಿದಂತೆಲ್ಲ ಅದು ಕೂಗಿಕೊಳ್ಳುತ್ತದೆ. ಬಿಳಿಗೆರೆ ಮಾಸಿದಲ್ಲಿ ಅದಕ್ಕೆ ದಾರಿಯೇ ತೋಚದು. ಬೇಸತ್ತ ಯಜಮಾನ ಅದನ್ನು ಆರಿಸಿಬಿಡುತ್ತಾನೆ. ಕೆಂಗೇರಿ ದಾಟಿ ಮೈಸೂರಿನ ಹೆದ್ದಾರಿ ಹಿಡಿದರೆ ಕಥೆಯೇ ಬೇರೆ. 2023ರ ಆಗಸ್ಟ್ 1ರಿಂದ ಅಲ್ಲಿನ ಮುಖ್ಯಪಥದಲ್ಲಿ ದ್ವಿಚಕ್ರ ವಾಹನ, ಆಟೋಗಳಿಗೆ ಪ್ರವೇಶವಿಲ್ಲ. ವೇಗ ಹೆಚ್ಚು, ತೂಕಡಿಕೆಯೂ ಹೆಚ್ಚು. ರಾತ್ರಿ ಮರಳುವಾಗ ಕ್ಷಣಾರ್ಧ ಮೊದಲೇ ಬಿದ್ದ ಬ್ರೇಕು ಜೀವ ಉಳಿಸೀತು. ತಿಂಗಳಿಗೆರಡು ಬಾರಿ ಊರಿಗೆ ಹೋಗಿಬರುವವರಿಗೆ ಈ ವೆಚ್ಚ ದಂಡವಲ್ಲ. ಬಸವೇಶ್ವರನಗರದೊಳಗೇ ಶಾಲೆಗೂ ಅಂಗಡಿಗೂ ಓಡಾಡುವವರಿಗೆ ದಂಡವೇ ಸರಿ.

1959ರಲ್ಲಿ ವೋಲ್ವೋ ಸಂಸ್ಥೆಯ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಬೆಲ್ಟಿಗೆ ಹೆಚ್ಚಿನ ಬೆಲೆಯೇನೂ ಇಲ್ಲ. ಆದರೂ ಹಿಂದಿನ ಸೀಟಿನಲ್ಲಿ ಅದನ್ನು ಕಟ್ಟುವವರು ವಿರಳ. 2022ರ ಸೆಪ್ಟೆಂಬರಿನಲ್ಲಿ ಅಪಘಾತದಲ್ಲಿ ತೀರಿಕೊಂಡ ಉದ್ಯಮಿ ಸೈರಸ್ ಮಿಸ್ತ್ರಿ ಕುಳಿತಿದ್ದುದು ಬೆಲೆಬಾಳುವ ಗಾಡಿಯ ಹಿಂದಿನ ಸೀಟಿನಲ್ಲಿ, ಬೆಲ್ಟಿಲ್ಲದೆ. ಅಜ್ಜಿ ಮೊಮ್ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದರೆ, ಯಂತ್ರ ತಾನಾಗಿ ಹಾಕಿದ ಬ್ರೇಕೇ ಆ ಮಗುವನ್ನು ಮುಂದಕ್ಕೆ ಎಸೆದೀತು. ಮಗುವಿನ ಸೀಟನ್ನು ಮೊದಲು ಕೊಂಡು, ಹಣ ಮಿಕ್ಕರೆ ಅಡಾಸಿನ ಯೋಚನೆ ಮಾಡಬಹುದು. ಮುಂಗಾಜು ಒಡೆದು ಬದಲಾಯಿಸಿದರೆ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಆ ಖರ್ಚನ್ನು ವಿಮೆ ಭರಿಸುವುದೇ ಎಂದು ಕೊಳ್ಳುವ ಮುನ್ನವೇ ಕೇಳಿಟ್ಟುಕೊಳ್ಳುವುದು ಲೇಸು.