ಸಮವಸ್ತ್ರ ಮತ್ತು ಶಾಲೆಯ ಗೇಟು

ಬೆಳಿಗ್ಗೆ ಒಂಬತ್ತರ ಸುಮಾರಿಗೆ ಕೂಡ್ಲಿಗಿಯ ಅಥವಾ ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಸಾಕು. ಸುತ್ತಲಿನ ಹಳ್ಳಿಗಳಿಂದ ಬರುವ ಬಸ್ಸುಗಳಿಂದ ಒಂದೇ ಬಣ್ಣದ ಉಡುಪಿನ ಮಕ್ಕಳು ಗುಂಪು ಗುಂಪಾಗಿ ಇಳಿಯುತ್ತಾರೆ. ದೂರದಿಂದ ನೋಡುವವರಿಗೆ ಎಲ್ಲರೂ ಒಂದೇ. ಹತ್ತಿರ ಹೋದರೆ ಒಬ್ಬನ ಹಣೆಯಲ್ಲಿ ವಿಭೂತಿ, ಇನ್ನೊಬ್ಬಳ ಮೂಗಿನಲ್ಲಿ ಮೂಗುತಿ, ಮತ್ತೊಬ್ಬಳ ತಲೆಯ ಮೇಲೆ ಸ್ಕಾರ್ಫ್. ಅಂಗಿಯ ಒಳಗೆ ಲಿಂಗವೋ ಜನಿವಾರವೋ ಶಿಲುಬೆಯೋ ತಾಯಿತವೋ ಇದ್ದೀತು. ಡಿಸೆಂಬರ್ ತಿಂಗಳಾದರೆ ಅಯ್ಯಪ್ಪ ಮಾಲೆ ಧರಿಸಿ ಕಪ್ಪು ಬಟ್ಟೆಯಲ್ಲಿ ಬಂದ ಹುಡುಗರೂ ಕಣ್ಣಿಗೆ ಬೀಳುತ್ತಾರೆ.

ಶಾಲೆಯ ಗೇಟು ದಾಟುವಾಗ ಇವುಗಳಲ್ಲಿ ಯಾವುದನ್ನು ಒಳಗೆ ಒಯ್ಯಬಹುದು, ಯಾವುದನ್ನು ಹೊರಗೆ ಬಿಡಬೇಕು? ಅದನ್ನು ಹೇಳುವ ಅಧಿಕಾರ ಯಾರದು? 2022ರಲ್ಲಿ ಕರ್ನಾಟಕದ ಶಾಲಾ ಕಾಲೇಜುಗಳನ್ನು ಕೆಲ ದಿನ ಮುಚ್ಚಿಸಿದ ಪ್ರಶ್ನೆ ಇದು. ಗದ್ದಲ ಅಡಗಿದ ಮೇಲೂ ಪ್ರಶ್ನೆ ಉಳಿದಿದೆ. ಕಾನೂನು ಈ ಕುರಿತು ಏನು ಹೇಳುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಮಕ್ಕಳನ್ನು ಶಾಲೆಗೆ ಕಳಿಸುವ ಪ್ರತಿಯೊಬ್ಬರಿಗೂ ಅಗತ್ಯ.

ಉಡುಪೂ ಒಂದು ಮಾತು

ಬಟ್ಟೆ ಮಾತನಾಡುತ್ತದೆ ಎಂಬುದನ್ನು ಈ ಭಾಗದ ಜನರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರ ಜಾತ್ರೆಯಲ್ಲಿ ಕರಿ ಕಂಬಳಿ ತೊಟ್ಟು, ಕರಡಿ ಕೂದಲಿನ ಟೊಪ್ಪಿಗೆ ಇಟ್ಟು ನಿಂತ ಗೊರವಯ್ಯ ಬಾಯಿ ತೆರೆಯುವ ಮುನ್ನವೇ ತಾನು ಯಾರ ಒಕ್ಕಲು ಎಂಬುದನ್ನು ಹೇಳಿರುತ್ತಾನೆ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯ ತಾಂಡಾಗಳಲ್ಲಿ ಹಿರಿಯ ಲಂಬಾಣಿ ಹೆಂಗಸರು ಉಡುವ ಕನ್ನಡಿ ಕಸೂತಿಯ ಬಟ್ಟೆಯೂ ಹಾಗೆಯೇ.

ಸಂವಿಧಾನದ 19(1)(ಎ) ವಿಧಿ ಎಲ್ಲ ಪ್ರಜೆಗಳಿಗೂ ಮಾತಿನ ಮತ್ತು ಅಭಿವ್ಯಕ್ತಿಯ ಸ್ವಾತಂತ್ರ್ಯ ನೀಡಿದೆ. ತನ್ನ ಲಿಂಗ ಗುರುತನ್ನು ಉಡುಪು, ಮಾತು, ನಡವಳಿಕೆಗಳ ಮೂಲಕ ತೋರ್ಪಡಿಸುವುದೂ ಈ ಸ್ವಾತಂತ್ರ್ಯದಲ್ಲಿ ಸೇರಿದೆ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ತೃತೀಯ ಲಿಂಗಿಗಳ ಪ್ರಕರಣದಲ್ಲಿ ಹೇಳಿತು. ಆದರೆ ಈ ಸ್ವಾತಂತ್ರ್ಯಕ್ಕೆ ಎಲ್ಲೆಯೂ ಉಂಟು. ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಮೊದಲಾದ ಕಾರಣಗಳಿಗಾಗಿ, ಕಾನೂನಿನ ಮೂಲಕ, ಸಮಂಜಸವಾದ ನಿರ್ಬಂಧ ಹೇರಬಹುದು. 25ನೇ ವಿಧಿ ಕೊಡುವ ಧಾರ್ಮಿಕ ಸ್ವಾತಂತ್ರ್ಯವೂ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟದ್ದು. ಶಾಲೆಯ ವಿಷಯದಲ್ಲಿ ಯಾವ ನಿರ್ಬಂಧ ಸಮಂಜಸ ಎಂಬುದರ ಸುತ್ತಲೇ ಎಲ್ಲ ವಾದವೂ ನಡೆದಿದೆ.

ಕಪ್ಪು ಪಟ್ಟಿ ಮತ್ತು ಹಾಡದ ಮಕ್ಕಳು

ಅಮೆರಿಕದಲ್ಲಿ ಇದೇ ಪ್ರಶ್ನೆ ಎದ್ದದ್ದು ಒಂದು ತುಂಡು ಕಪ್ಪು ಬಟ್ಟೆಯಿಂದ. 1965ರ ಡಿಸೆಂಬರಿನಲ್ಲಿ ಡೆ ಮಾಯ್ನ್ ಎಂಬ ನಗರದ ಕೆಲವು ವಿದ್ಯಾರ್ಥಿಗಳು ವಿಯೆಟ್ನಾಂ ಯುದ್ಧದಲ್ಲಿ ಸತ್ತವರಿಗಾಗಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಬಂದರು. ಶಾಲೆ ಅವರನ್ನು ಹೊರಗೆ ಕಳಿಸಿತು. 1969ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮಕ್ಕಳ ಪರ ತೀರ್ಪು ನೀಡಿತು. ಶಾಲೆಯ ಗೇಟು ದಾಟಿದೊಡನೆ ಮಕ್ಕಳ ಹಕ್ಕುಗಳು ಕಳಚಿ ಬೀಳುವುದಿಲ್ಲ, ಪಾಠಕ್ಕೆ ಗಣನೀಯವಾದ ಅಡ್ಡಿಯಾದಾಗ ಮಾತ್ರ ಶಾಲೆ ಇಂಥ ಅಭಿವ್ಯಕ್ತಿಯನ್ನು ತಡೆಯಬಹುದು ಎಂಬುದು ಆ ತೀರ್ಪಿನ ಸಾರ. ಆದರೆ ಲಂಗದ ಉದ್ದ, ಕೂದಲಿನ ರೀತಿಯಂಥ ಸಾಮಾನ್ಯ ನಿಯಮಗಳ ಬಗ್ಗೆ ತಾನು ಹೇಳುತ್ತಿಲ್ಲ ಎಂದೂ ಕೋರ್ಟ್ ಸ್ಪಷ್ಟಪಡಿಸಿತ್ತು.

ನಮ್ಮಲ್ಲಿ ಇದಕ್ಕೆ ಸಮನಾದ ಪ್ರಕರಣ ಕೇರಳದ್ದು. 1985ರಲ್ಲಿ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ಒಂದೇ ಮನೆಯ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಲಾಯಿತು. ರಾಷ್ಟ್ರಗೀತೆ ಹಾಡುವಾಗ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ನಂಬಿಕೆಯ ಕಾರಣ ಹಾಡುತ್ತಿರಲಿಲ್ಲ. ಬಿಜೋ ಇಮ್ಯಾನುಯೆಲ್ ಪ್ರಕರಣವೆಂದು ಹೆಸರಾದ ಇದರಲ್ಲಿ 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರಿದ್ದ ಪೀಠ ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಹೇಳಿತು. ಸುಮ್ಮನಿರುವುದೂ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಒಪ್ಪಿದ್ದು ಒಂದು. ಶಾಸನದ ಬಲವಿಲ್ಲದ ಇಲಾಖಾ ಸುತ್ತೋಲೆಯಿಂದ ಮೂಲಭೂತ ಹಕ್ಕನ್ನು ಮೊಟಕುಗೊಳಿಸಲಾಗದು ಎಂದದ್ದು ಇನ್ನೊಂದು. ಈ ಎರಡನೆಯ ಮಾತು ಮುಂದೆ ಕರ್ನಾಟಕದ ವಾದದಲ್ಲಿ ಮತ್ತೆ ಕೇಳಿಬಂತು.

ಸಮವಸ್ತ್ರ ಏತಕ್ಕೆ?

ಸಮವಸ್ತ್ರದ ಪರವಾದ ವಾದ ಹಗುರವಾದುದಲ್ಲ. ಜಮೀನ್ದಾರರ ಮಗನೂ ಕೂಲಿಯವನ ಮಗಳೂ ಒಂದೇ ಬಟ್ಟೆಯಲ್ಲಿ ಕೂತಾಗ ಬಡವರ ಮಕ್ಕಳು ತಮ್ಮ ಅಂಗಿಯ ತೇಪೆ ನೋಡಿಕೊಂಡು ಕುಗ್ಗಬೇಕಾಗಿಲ್ಲ. ರಾಜ್ಯ ಸರ್ಕಾರ ವಿದ್ಯಾವಿಕಾಸ ಯೋಜನೆಯಡಿ ಸರ್ಕಾರಿ ಶಾಲೆಯ ಮಕ್ಕಳಿಗೆ ಉಚಿತವಾಗಿ ಸಮವಸ್ತ್ರ ಹಂಚುವುದರ ಹಿಂದಿನ ಆಶಯವೂ ಇದೇ.

ಆದರೆ ಇದೇ ಬಟ್ಟೆ ಕೆಲವೊಮ್ಮೆ ಬಡವರಿಗೆ ಗೋಡೆಯಾಗುವುದೂ ಉಂಟು. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಹರಪನಹಳ್ಳಿ ಕಡೆಯ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತವೆ. ನಡುವರ್ಷದಲ್ಲಿ ಊರಿಗೆ ಮರಳಿದ ಮಗುವಿಗೆ ಸಮವಸ್ತ್ರ ಇಲ್ಲದೆ ಹೋಗಬಹುದು, ಇದ್ದದ್ದು ಗಿಡ್ಡವಾಗಿರಬಹುದು. ಅಂಥ ಮಗುವನ್ನು ಹೊರಗೆ ನಿಲ್ಲಿಸಿದರೆ ಸಮಾನತೆಯ ಉದ್ದೇಶವೇ ತಲೆಕೆಳಗಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಎನ್ನುತ್ತದೆ. ಅದರ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಪೋಷಕರು ತಿಳಿದಿರಬೇಕಾದ ಇನ್ನೊಂದು ನಿಯಮವಿದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ಅಡಿಯಲ್ಲಿ 1995ರಲ್ಲಿ ರಚಿಸಿದ ನಿಯಮಗಳ ಪೈಕಿ 11ನೆಯದು ಮಾನ್ಯತೆ ಪಡೆದ ಪ್ರತಿ ಶಾಲೆಗೂ ತನ್ನದೇ ಸಮವಸ್ತ್ರ ನಿಗದಿಪಡಿಸುವ ಅಧಿಕಾರ ನೀಡುತ್ತದೆ. ಒಮ್ಮೆ ನಿಗದಿಪಡಿಸಿದರೆ ಐದು ವರ್ಷ ಬದಲಿಸುವಂತಿಲ್ಲ. ಬದಲಿಸುವುದಾದರೆ ಒಂದು ವರ್ಷ ಮುಂಚಿತವಾಗಿ ಪೋಷಕರಿಗೆ ತಿಳಿಸಬೇಕು. ಹಿಜಾಬ್ ಪ್ರಕರಣದಲ್ಲಿ ಹೈಕೋರ್ಟ್ ಗಮನಕ್ಕೆ ತೆಗೆದುಕೊಂಡ ನಿಯಮವೂ ಇದೇ.

ಉಡುಪಿಯಿಂದ ದೆಹಲಿಗೆ

2021ರ ಕೊನೆಯಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ಧರಿಸಿ ತರಗತಿಯಲ್ಲಿ ಕೂರಲು ಕೆಲವು ವಿದ್ಯಾರ್ಥಿನಿಯರಿಗೆ ಅವಕಾಶ ಸಿಗಲಿಲ್ಲ. 2022ರ ಆರಂಭದಲ್ಲಿ ವಿವಾದ ಬೇರೆ ಊರುಗಳಿಗೆ ಹಬ್ಬಿತು. ಹಿಜಾಬಿಗೆ ಉತ್ತರವಾಗಿ ಕೇಸರಿ ಶಾಲುಗಳು ಬಂದವು. ಚಿಕ್ಕಮಗಳೂರಿನಲ್ಲಿ ನೀಲಿ ಶಾಲು ಹೊದ್ದ ವಿದ್ಯಾರ್ಥಿಗಳು ಹಿಜಾಬ್ ಧರಿಸಿದವರ ಪರ ನಿಂತರು. ಫೆಬ್ರುವರಿ 5ರಂದು ಸರ್ಕಾರ ಶಿಕ್ಷಣ ಕಾಯ್ದೆಯ 133ನೇ ಕಲಂ ಅಡಿ ಆದೇಶ ಹೊರಡಿಸಿತು. ಸರ್ಕಾರಿ ಶಾಲೆಗಳಲ್ಲಿ ಸರ್ಕಾರ, ಖಾಸಗಿ ಶಾಲೆಗಳಲ್ಲಿ ಆಡಳಿತ ಮಂಡಳಿ, ಪದವಿಪೂರ್ವ ಕಾಲೇಜುಗಳಲ್ಲಿ ಕಾಲೇಜು ಅಭಿವೃದ್ಧಿ ಸಮಿತಿ ಅಥವಾ ಆಡಳಿತ ಮಂಡಳಿ ನಿಗದಿಪಡಿಸಿದ ಉಡುಪನ್ನೇ ಧರಿಸಬೇಕು ಎಂಬುದು ಅದರ ತಿರುಳು. ಶಾಸಕರ ಅಧ್ಯಕ್ಷತೆಯ ಕಾಲೇಜು ಸಮಿತಿಗೆ ಕಾಯ್ದೆಯಲ್ಲಿ ಸ್ಥಾನವೇ ಇಲ್ಲ, ಅದು ಹಕ್ಕನ್ನು ನಿರ್ಬಂಧಿಸುವುದು ಹೇಗೆ ಎಂಬುದು ಅರ್ಜಿದಾರರ ಒಂದು ಮುಖ್ಯ ವಾದವಾಗಿತ್ತು.

ಫೆಬ್ರುವರಿ 10ರಂದು ಹೈಕೋರ್ಟ್ ಮಧ್ಯಂತರ ಆದೇಶ ನೀಡಿ, ಸಮವಸ್ತ್ರ ನಿಗದಿಯಾದ ಕಡೆ ಯಾವ ಧರ್ಮದವರೇ ಆಗಲಿ ಹಿಜಾಬ್, ಕೇಸರಿ ಶಾಲು ಮುಂತಾದವುಗಳೊಂದಿಗೆ ತರಗತಿಯಲ್ಲಿ ಕೂರಬಾರದೆಂದಿತು. ಮಾರ್ಚ್ 15ರಂದು ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ, ನ್ಯಾಯಮೂರ್ತಿಗಳಾದ ಕೃಷ್ಣ ಎಸ್. ದೀಕ್ಷಿತ್ ಮತ್ತು ಜೆ.ಎಂ. ಖಾಜಿ ಅವರ ಪೀಠ ಅರ್ಜಿಗಳನ್ನು ವಜಾ ಮಾಡಿತು. ಹಿಜಾಬ್ ಧಾರಣೆ ಇಸ್ಲಾಂ ಧರ್ಮದ ಅತ್ಯಗತ್ಯ ಆಚರಣೆಯಲ್ಲ, ಸಮವಸ್ತ್ರ ಸಮಂಜಸ ನಿರ್ಬಂಧ, ಸರ್ಕಾರದ ಆದೇಶ ಸಿಂಧು ಎಂದು ತೀರ್ಮಾನಿಸಿತು.

ಸುಪ್ರೀಂ ಕೋರ್ಟಿನಲ್ಲಿ 2022ರ ಅಕ್ಟೋಬರ್ 13ರಂದು ಬಂದದ್ದು ಭಿನ್ನ ತೀರ್ಪು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ತಳ್ಳಿಹಾಕಿದರು. ಸರ್ಕಾರದ ಹಣದಲ್ಲಿ ನಡೆಯುವ ಜಾತ್ಯತೀತ ಶಾಲೆಗೆ ಧರ್ಮದ ಚಿಹ್ನೆಯನ್ನು ಒಯ್ಯುವ ಹಕ್ಕಿಲ್ಲ, ಸಮವಸ್ತ್ರದ ಕಾರಣ ಯಾರಾದರೂ ತರಗತಿಗೆ ಬಾರದಿದ್ದರೆ ಅದು ಅವರದೇ ನಿರ್ಧಾರ, ಶಿಕ್ಷಣದ ನಿರಾಕರಣೆಯಲ್ಲ ಎಂದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಮೇಲ್ಮನವಿಗಳನ್ನು ಪುರಸ್ಕರಿಸಿದರು. ಹಿಜಾಬ್ ಅತ್ಯಗತ್ಯ ಆಚರಣೆಯೇ ಎಂಬ ಚರ್ಚೆಯೇ ಬೇಕಿರಲಿಲ್ಲ, ಇದು ಆಯ್ಕೆಯ ಪ್ರಶ್ನೆ, ಬಿಜೋ ಇಮ್ಯಾನುಯೆಲ್ ತೀರ್ಪು ಇದಕ್ಕೆ ನೇರವಾಗಿ ಅನ್ವಯಿಸುತ್ತದೆ ಎಂಬುದು ಅವರ ನಿಲುವು. ಹಿಜಾಬನ್ನು ಗೇಟಿನಲ್ಲಿ ತೆಗೆಯುವಂತೆ ವಿದ್ಯಾರ್ಥಿನಿಗೆ ಹೇಳುವುದು ಆಕೆಯ ಖಾಸಗಿತನದ, ಘನತೆಯ ಮೇಲಿನ ಆಕ್ರಮಣ ಎಂದರು. ಬೆಳಗ್ಗೆ ಎದ್ದು ತಾಯಿಗೆ ಮನೆಗೆಲಸದಲ್ಲಿ ನೆರವಾಗಿ ಆಮೇಲೆ ಪುಸ್ತಕದ ಚೀಲ ಹಿಡಿಯುವ ಹಳ್ಳಿಯ ಹೆಣ್ಣುಮಗಳನ್ನು ನೆನೆದು, ಆಕೆಯ ಬದುಕನ್ನು ನಾವು ಸುಗಮಗೊಳಿಸುತ್ತಿದ್ದೇವೆಯೇ ಎಂದು ಕೇಳಿದರು. ಇಬ್ಬರು ಎರಡು ದಾರಿ ಹಿಡಿದುದರಿಂದ, ಸೂಕ್ತ ಪೀಠ ರಚನೆಗಾಗಿ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಆದೇಶವಾಯಿತು. ಭಿನ್ನ ತೀರ್ಪು ಬಂದ ಮಾತ್ರಕ್ಕೆ ಹೈಕೋರ್ಟ್ ತೀರ್ಪು ರದ್ದಾಗುವುದಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು.

ಮೂಗುತಿಯೂ ಜನಿವಾರವೂ

ಇದು ಒಂದೇ ಸಮುದಾಯದ ಪ್ರಶ್ನೆ ಎಂದು ಭಾವಿಸುವುದು ತಪ್ಪು. ಹೈಕೋರ್ಟಿನ ವಾದದಲ್ಲಿ ಪ್ರಸ್ತಾಪವಾದ ದಕ್ಷಿಣ ಆಫ್ರಿಕದ ಪ್ರಕರಣವೊಂದು ಮೂಗುತಿಯದು. ಡರ್ಬನ್ ನಗರದ ಬಾಲಕಿಯರ ಪ್ರೌಢಶಾಲೆಯಲ್ಲಿ ಓದುತ್ತಿದ್ದ ತಮಿಳು ಮೂಲದ ಹಿಂದೂ ಹುಡುಗಿ 2004ರಲ್ಲಿ ರಜೆಯಲ್ಲಿ ಮೂಗು ಚುಚ್ಚಿಸಿಕೊಂಡು ಬಂದಳು. ಶಾಲೆಯ ನಿಯಮದಲ್ಲಿ ಮೂಗುತಿಗೆ ಅವಕಾಶವಿರಲಿಲ್ಲ. 2007ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಸಮವಸ್ತ್ರ ಪದ್ಧತಿಯನ್ನು ತಪ್ಪೆನ್ನಲಿಲ್ಲ, ಆದರೆ ಆ ಹುಡುಗಿಗೆ ವಿನಾಯಿತಿ ನಿರಾಕರಿಸಿದ್ದು ಅನ್ಯಾಯದ ತಾರತಮ್ಯ ಎಂದಿತು. ಒಂದು ಮೂಗುತಿಯಿಂದ ಶಾಲೆಯ ಶಿಸ್ತು ಕೆಡುತ್ತದೆ ಎಂಬುದಕ್ಕೆ ಆಧಾರ ಕಾಣಲಿಲ್ಲ.

ನಮ್ಮ ರಾಜ್ಯದಲ್ಲೇ 2025ರ ಏಪ್ರಿಲಿನಲ್ಲಿ ಸಿಇಟಿ ವೇಳೆ ಜನಿವಾರ ತೆಗೆಯುವಂತೆ ಹೇಳಿದರೆಂದು ಬೀದರ್, ಶಿವಮೊಗ್ಗದಿಂದ ದೂರುಗಳು ಬಂದವು. ಬೀದರಿನ ವಿದ್ಯಾರ್ಥಿಯೊಬ್ಬ ಗಣಿತ ಪರೀಕ್ಷೆ ಬರೆಯಲಾಗದೆ ಮರಳಿದ ಸುದ್ದಿ ರಾಜ್ಯವ್ಯಾಪಿ ಆಕ್ರೋಶಕ್ಕೆ ಕಾರಣವಾಯಿತು. ನಕಲು ತಡೆಯುವ ತಪಾಸಣೆಗೂ ಸಮವಸ್ತ್ರಕ್ಕೂ ವ್ಯತ್ಯಾಸವಿದೆ, ನಿಜ. ಆದರೆ ಗೇಟಿನ ಹೊರಗೆ ನಿಂತ ಹುಡುಗನ ಸಂಕಟಕ್ಕೂ ಹುಡುಗಿಯ ಸಂಕಟಕ್ಕೂ ವ್ಯತ್ಯಾಸವಿಲ್ಲ. ಒಂದಕ್ಕೆ ಮರುಗಿದವರು ಇನ್ನೊಂದಕ್ಕೆ ಮರುಗಲಿಲ್ಲ ಎಂಬುದು ಎರಡೂ ಕಡೆಯವರು ಯೋಚಿಸಬೇಕಾದ ವಿಷಯ.

ಕೇಳಬೇಕಾದ ಮಾತು

ಕೋರ್ಟುಗಳ ಭಿನ್ನಾಭಿಪ್ರಾಯದ ನಡುವೆಯೂ ಶಾಲೆಯ ಯಾವುದೇ ಉಡುಪಿನ ನಿಯಮದ ಬಗ್ಗೆ ಸಾಮಾನ್ಯರು ಕೇಳಬಹುದಾದ ಪ್ರಶ್ನೆಗಳಿವೆ. ಈ ನಿಯಮ ಮಾಡಿದವರು ಯಾರು, ಅವರಿಗೆ ಆ ಅಧಿಕಾರ ಯಾವ ಕಾನೂನಿನಿಂದ ಬಂತು? ಅದು ಪಾಠಕ್ಕೆ, ಶಿಸ್ತಿಗೆ ಏನು ಉಪಕಾರ ಮಾಡುತ್ತದೆ? ಎಲ್ಲರಿಗೂ ಒಂದೇ ರೀತಿ ಅನ್ವಯವಾಗುತ್ತಿದೆಯೇ? ನಿಯಮ ಮೀರಿದ ಮಗುವನ್ನು ತರಗತಿಯಿಂದ ಹೊರಗಿಡದೆ ಬೇರೆ ದಾರಿಯೇ ಇಲ್ಲವೇ? ಸರ್ಕಾರಿ ಶಾಲೆಯಲ್ಲಾದರೆ ಇವನ್ನು ಕೇಳಲು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಅದರಲ್ಲಿ ಪೋಷಕರೇ ಇರುತ್ತಾರೆ.

ಕೊನೆಯ ಪ್ರಶ್ನೆ ನಮ್ಮಂಥ ತಾಲ್ಲೂಕುಗಳಲ್ಲಿ ಹೆಚ್ಚು ಭಾರವಾದದ್ದು. ಬೆಂಗಳೂರಿನಲ್ಲಿ ಒಂದು ಕಾಲೇಜು ಬೇಡವೆಂದರೆ ಅದೇ ಬೀದಿಯಲ್ಲಿ ಇನ್ನೊಂದು ಸಿಕ್ಕೀತು. ಹೋಬಳಿಯಲ್ಲಿ ಇರುವ ಒಂದೇ ಸರ್ಕಾರಿ ಕಾಲೇಜಿನ ಗೇಟು ಮುಚ್ಚಿದರೆ ಹುಡುಗಿ ದಿನವೂ ಹೊಸಪೇಟೆಗೋ ಬಳ್ಳಾರಿಗೋ ಬಸ್ಸು ಹತ್ತಬೇಕು. ಎಷ್ಟು ಮನೆಗಳಲ್ಲಿ ಅದಕ್ಕೆ ಹೂಂ ಎನ್ನುತ್ತಾರೆ? ಹೊಲದ ಕೆಲಸ, ತಮ್ಮ ತಂಗಿಯರ ಆರೈಕೆ, ಬೇಗ ಬರುವ ಮದುವೆ, ಇವು ಆಕೆಯನ್ನು ಮನೆಯಲ್ಲೇ ಉಳಿಸಲು ಒಂದು ನೆಪಕ್ಕಾಗಿ ಕಾದಿರುತ್ತವೆ.

ಸಂಜೆ ನಾಲ್ಕೂವರೆಯ ನಂತರ ಅದೇ ಮಕ್ಕಳು ಬಸ್ ನಿಲ್ದಾಣಕ್ಕೆ ಮರಳುತ್ತಾರೆ. ಬೆಳಗಿನ ಮಡಿಕೆ ಮುರಿದು, ಧೂಳು ಹತ್ತಿ ಸಮವಸ್ತ್ರ ನಲುಗಿರುತ್ತದೆ. ವಿಭೂತಿ ಅಳಿಸಿರುತ್ತದೆ, ಸ್ಕಾರ್ಫ್ ಜಾರಿರುತ್ತದೆ. ಹೆಗಲಿಗೆ ಹೆಗಲು ತಾಗಿಸಿ ಒಂದೇ ಸೀಟಿನಲ್ಲಿ ಮೂವರು ಕೂತು ನಾಳೆಯ ಲೆಕ್ಕದ ಬಗ್ಗೆ ಜಗಳವಾಡುತ್ತಾರೆ. ಬೆಳಿಗ್ಗೆ ಇಳಿದವರಲ್ಲಿ ಎಷ್ಟು ಮಂದಿ ತರಗತಿಯಲ್ಲಿ ಕೂತು ಮರಳಿದರು ಎಂಬ ಲೆಕ್ಕವನ್ನು ಇಡಬೇಕಾದವರು ನಾವು.