ಕೋರ್ಸಿನ ಹೆಸರಿಗಿಂತ ಮುಂದೆ ನೋಡೋಣ: ಪಿಯುಸಿ ನಂತರದ ನಾಲ್ಕು ದಾರಿಗಳು



ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರ ಬಂದಂತೆ ಸ್ಟಾಫ್ ರೂಮಿಗೆ ಕರಪತ್ರ ಹಿಡಿದು ಬರುವವರು ಹೆಚ್ಚಾಗುತ್ತಾರೆ. ವಿಜ್ಞಾನದವರು ನೀಟ್, ಸಿಇಟಿ ಬಗ್ಗೆ ಕೇಳುತ್ತಾರೆ. ಕಲಾ ಮತ್ತು ವಾಣಿಜ್ಯ ವಿಭಾಗದವರು ಕೇಳುವುದು ಹೆಚ್ಚಾಗಿ ಆನರ್ಸ್, ಹೋಟೆಲ್ ಮ್ಯಾನೇಜ್‌ಮೆಂಟ್, ಪತ್ರಿಕೋದ್ಯಮ ಮತ್ತು ಪ್ಯಾರಾಲೀಗಲ್ ಎಂಬ ನಾಲ್ಕು ಹೆಸರುಗಳ ಬಗ್ಗೆ. ಕರಪತ್ರದಲ್ಲಿ ನಾಲ್ಕೂ ಒಂದೇ ಬಗೆಯ ಕೋರ್ಸುಗಳಂತೆ ಕಾಣುತ್ತವೆ. ಆದರೆ ಒಂದು ಹೆಚ್ಚು ಓದಿಗೆ ದಾರಿ, ಇನ್ನೊಂದು ಕೈಕೆಲಸದ ತರಬೇತಿ. ಮತ್ತೊಂದಕ್ಕೆ ಪದವಿಯೇ ಕಡ್ಡಾಯವಲ್ಲ, ಕೊನೆಯದು ನಾವು ಅಂದುಕೊಂಡಂಥ ಉದ್ಯೋಗವೇ ಅಲ್ಲ. ಹೀಗಾಗಿ ಯಾವ ಕೋರ್ಸ್ ಬಗ್ಗೆಯಾದರೂ ಮೂರು ಪ್ರಶ್ನೆ ಕೇಳಿ ಎಂದು ನಾನು ಹೇಳುತ್ತೇನೆ. ಸೇರುವುದು ಹೇಗೆ? ಮುಗಿಸಿದ ಮೇಲೆ ಯಾವ ಕೆಲಸ ಮಾಡಬಹುದು? ಅಲ್ಲಿಂದ ಮುಂದೆ ಎಲ್ಲಿಗೆ ಹೋಗಬಹುದು?

ಆನರ್ಸ್: ಮೂರು ವರ್ಷವೋ, ನಾಲ್ಕೋ?

ಈ ಗೊಂದಲಕ್ಕೆ ಕಾರಣವಿದೆ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಕರ್ನಾಟಕದಲ್ಲಿ 2021-22ರಿಂದ ನಾಲ್ಕು ವರ್ಷದ ಆನರ್ಸ್ ಪದವಿ ಬಂತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಅಣ್ಣ ಅಕ್ಕಂದಿರು ಹೇಳಿದ್ದಕ್ಕೂ ಈಗ ಕಾಲೇಜಿನವರು ಹೇಳುವುದಕ್ಕೂ ತಾಳೆಯಾಗದಿರುವುದು ಇದರಿಂದಲೇ.

ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ವ್ಯವಸ್ಥೆ ಇದೆ. ಯುಜಿಸಿ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸ್‌ಗೆ 160 ಕ್ರೆಡಿಟ್. ಮೂರು ವರ್ಷ ಓದಿದವರಿಗೆ ಸ್ನಾತಕೋತ್ತರ ಪದವಿ ಎರಡು ವರ್ಷ, ನಾಲ್ಕು ವರ್ಷ ಓದಿದವರಿಗೆ ಒಂದೇ ವರ್ಷ. ಎರಡೂ ದಾರಿಯಲ್ಲಿ ಒಟ್ಟು ಐದು ವರ್ಷವೇ. ಹಾಗಾಗಿ ಮೂರು ವರ್ಷದ ಪದವಿ ಕೀಳು ಎಂದು ಯಾರೂ ಬೇಸರಪಡಬೇಕಿಲ್ಲ. ಪದವಿ ಮುಗಿಸಿ ಬಿ.ಎಡ್. ಮಾಡುವವರಿಗೆ, ಬ್ಯಾಂಕ್ ಪರೀಕ್ಷೆ ಬರೆಯುವವರಿಗೆ ಅದು ಸಾಕು. ಸಂಶೋಧನೆಯ ಆಸೆಯಿದ್ದವರಿಗೆ ಮಾತ್ರ ನಾಲ್ಕನೇ ವರ್ಷದ ಲಾಭ ಹೆಚ್ಚು. ಅದನ್ನು ಶೇ. 75 ಅಂಕಗಳೊಂದಿಗೆ ಮುಗಿಸಿದವರು ನೇರವಾಗಿ ಪಿಎಚ್.ಡಿ. ಪ್ರವೇಶಕ್ಕೆ ಅರ್ಹರಾಗುತ್ತಾರೆ.

ಕಲಬುರಗಿ ಬಳಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ ಇವೆಲ್ಲ ಕೇಂದ್ರೀಯ ಸಂಸ್ಥೆಗಳು. ಇಂಥ ಕಡೆ ಬಹಳಷ್ಟು ಪದವಿ ಕೋರ್ಸುಗಳಿಗೆ 2022ರಿಂದ ನಡೆಯುತ್ತಿರುವ ಸಿಯುಇಟಿ ಬರೆಯಬೇಕು. ಕೆಲವು ಕೋರ್ಸುಗಳಿಗೆ ವಿಶ್ವವಿದ್ಯಾಲಯದ್ದೇ ಪರೀಕ್ಷೆ ಇರುತ್ತದೆ. ಪಿಯುಸಿ ಫಲಿತಾಂಶ ಬರಲಿ ಎಂದು ಕಾದು ಕುಳಿತರೆ ಅರ್ಜಿಯ ದಿನಾಂಕ ದಾಟಿಹೋಗುತ್ತದೆ.

ಹೋಟೆಲ್ ಮ್ಯಾನೇಜ್‌ಮೆಂಟ್

ಇದು ಅಡುಗೆ ಮಾತ್ರ ಕಲಿಸುವ ಕೋರ್ಸ್ ಅಲ್ಲ. ಅತಿಥಿಗಳನ್ನು ಬರಮಾಡಿಕೊಳ್ಳುವ ಫ್ರಂಟ್ ಆಫೀಸ್, ಕೋಣೆಗಳನ್ನು ನೋಡಿಕೊಳ್ಳುವ ಹೌಸ್‌ಕೀಪಿಂಗ್, ಅಡುಗೆಮನೆ, ಊಟ ಮತ್ತು ಪಾನೀಯ ಬಡಿಸುವ ವಿಭಾಗ ಎಂದು ನಾಲ್ಕು ಮುಖ್ಯ ಕೆಲಸಗಳಿವೆ. ಬೆಂಗಳೂರಿನ ಐಎಚ್‌ಎಂ ಸೇರಿದಂತೆ ಸರ್ಕಾರಿ ಸಂಸ್ಥೆಗಳ ಮೂರು ವರ್ಷದ ಬಿ.ಎಸ್ಸಿ.ಗೆ ರಾಷ್ಟ್ರಮಟ್ಟದ ಎನ್‌ಸಿಎಚ್‌ಎಂ ಜೆಇಇ ಬರೆಯಬೇಕು. ಯಾವ ವಿಭಾಗದಲ್ಲಿ ಪಿಯುಸಿ ಓದಿದ್ದರೂ ನಡೆಯುತ್ತದೆ, ಇಂಗ್ಲಿಷ್ ಒಂದು ವಿಷಯವಾಗಿರಬೇಕು.

ನಮ್ಮ ಮಕ್ಕಳು ಹಿಂಜರಿಕೆಯಿಂದ ಕೇಳುವ ಪ್ರಶ್ನೆಯೊಂದಿದೆ: ಮದ್ಯ, ಹರಾಮ್ ಆಹಾರ ಇವುಗಳ ನಡುವೆ ಓದಬೇಕಾಗುತ್ತದೆಯೇ? ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಪಾನೀಯ ವಿಭಾಗದ ಪಠ್ಯದಲ್ಲಿ ಮದ್ಯದ ವಿಷಯ ಇರುತ್ತದೆ, ತರಬೇತಿಗೆ ಹೋಗುವ ದೊಡ್ಡ ಹೋಟೆಲುಗಳಲ್ಲೂ ಅದು ಎದುರಾಗುತ್ತದೆ. ಹೌಸ್‌ಕೀಪಿಂಗ್, ಫ್ರಂಟ್ ಆಫೀಸ್, ಬೇಕರಿ, ಆಸ್ಪತ್ರೆಗಳ ಆತಿಥ್ಯ ವಿಭಾಗ ಇವನ್ನು ಮುಂದಿನ ವೃತ್ತಿಯಾಗಿ ಆರಿಸಿಕೊಳ್ಳಬಹುದು. ಆದರೆ ಓದುವಾಗ ನಾಲ್ಕೂ ವಿಭಾಗ ದಾಟಲೇಬೇಕು. ಇದನ್ನು ಶುಲ್ಕ ಕಟ್ಟುವ ಮೊದಲೇ ಮನೆಯವರೊಂದಿಗೆ, ಬೇಕೆನಿಸಿದರೆ ನಿಮ್ಮ ಊರಿನ ಆಲಿಮರೊಂದಿಗೆ ಮಾತಾಡಿ. ರಾತ್ರಿ ಪಾಳಿ, ಹಬ್ಬದ ದಿನದ ಡ್ಯೂಟಿ ಬಗ್ಗೆಯೂ ಆಗಲೇ ಮಾತಾಗಲಿ.

ಪತ್ರಿಕೋದ್ಯಮ

ವೈದ್ಯರಿಗೆ, ವಕೀಲರಿಗೆ ಇರುವಂತೆ ಪತ್ರಕರ್ತರಿಗೆ ನೋಂದಣಿ ಕಡ್ಡಾಯವಿಲ್ಲ. ಹೀಗಾಗಿ ಕೆಲಸ ಕೊಡುವವರು ಸರ್ಟಿಫಿಕೇಟಿನ ಜೊತೆಗೆ ನೀವು ಬರೆದದ್ದನ್ನೂ ಕೇಳುತ್ತಾರೆ. ರಾಜ್ಯದ ಅನೇಕ ಪದವಿ ಕಾಲೇಜುಗಳಲ್ಲಿ ಬಿ.ಎ.ಗೆ ಪತ್ರಿಕೋದ್ಯಮವನ್ನು ಒಂದು ವಿಷಯವಾಗಿ ತೆಗೆದುಕೊಳ್ಳಬಹುದು. ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಚೆನ್ನಾಗಿ ಓದಿ ಆಮೇಲೆ ಪತ್ರಿಕೋದ್ಯಮದ ಸ್ನಾತಕೋತ್ತರ ಪದವಿಗೆ ಹೋಗುವುದೂ ಒಳ್ಳೆಯ ದಾರಿ. 1982ರಲ್ಲಿ ಸ್ಥಾಪನೆಯಾದ ಜಾಮಿಯಾದ ಸಮೂಹ ಸಂವಹನ ಕೇಂದ್ರ ಇಂಥ ಓದಿಗೆ ಹೆಸರುವಾಸಿ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದದ್ದು 1843ರ ಜುಲೈ 1ರಂದು. ಹೊರತಂದವರು ಜರ್ಮನಿಯಿಂದ ಬಂದು ಕನ್ನಡ ಕಲಿತ ಹರ್ಮನ್ ಮೋಗ್ಲಿಂಗ್. ಭಾಷೆ ಕಲಿತವನಿಗೆ ಈ ಕೆಲಸದಲ್ಲಿ ಎಂದೂ ಜಾಗವಿದೆ. ಮನೆಯಲ್ಲಿ ಉರ್ದು ಅಥವಾ ಬ್ಯಾರಿ, ಬೀದಿಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್ ಆಡುವ ನೀವು ಅದನ್ನು ಕೊರತೆ ಎಂದುಕೊಳ್ಳಬೇಡಿ. ಅಭ್ಯಾಸಕ್ಕೆ ಈ ವಾರ್ತಾಪತ್ರವೇ ಇದೆ. ನಿಮ್ಮ ಬೀದಿಯ ನೀರಿನ ಸಮಸ್ಯೆಯ ಬಗ್ಗೆ ನಾಲ್ಕು ಜನರನ್ನು ಕೇಳಿ ಇನ್ನೂರು ಪದ ಬರೆದು ತನ್ನಿ.

ಪ್ಯಾರಾಲೀಗಲ್ ಮತ್ತು ಕಾನೂನು

ಅತಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಅಮೆರಿಕದಲ್ಲಿ ಪ್ಯಾರಾಲೀಗಲ್ ಎಂದರೆ ವಕೀಲರ ಕಚೇರಿಯಲ್ಲಿ ದಾಖಲೆ ಸಿದ್ಧಪಡಿಸುವ ಸಂಬಳದ ಕೆಲಸ. ಅಲ್ಲಿ ಅದಕ್ಕೆಂದೇ ಕಾಲೇಜು ಕೋರ್ಸುಗಳಿವೆ. ನಮ್ಮಲ್ಲಿ ಈ ಹೆಸರು ಹೆಚ್ಚು ಕೇಳಿಬರುವುದು ಕಾನೂನು ಸೇವಾ ಪ್ರಾಧಿಕಾರದ ಪ್ಯಾರಾಲೀಗಲ್ ಸ್ವಯಂಸೇವಕರ ವಿಷಯದಲ್ಲಿ. ಈ ಯೋಜನೆ 2009ರಲ್ಲಿ ಆರಂಭವಾಯಿತು. ಜಿಲ್ಲಾ ಪ್ರಾಧಿಕಾರ ತರಬೇತಿ ಕೊಡುತ್ತದೆ, ಕೆಲಸ ಮಾಡಿದ ದಿನಕ್ಕೆ ಗೌರವಧನ ಸಿಗುತ್ತದೆ. ಅದು ಸಂಬಳದ ನೌಕರಿಯಲ್ಲ.

ಹಾಗೆಂದು ಅದು ಸಣ್ಣ ಕೆಲಸವೂ ಅಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರು ಮತ್ತು ಮಕ್ಕಳು ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹರು. ಇದು ನಮ್ಮ ಮೊಹಲ್ಲಾದ ಎಷ್ಟು ತಾಯಂದಿರಿಗೆ ಗೊತ್ತು? 15100 ಎಂಬ ಸಹಾಯವಾಣಿ ಇದೆಯೆಂದು ಹೇಳಿ, ಅರ್ಜಿ ಬರೆದುಕೊಟ್ಟು, ತಾಲ್ಲೂಕು ಸಮಿತಿಯವರೆಗೆ ಜೊತೆಗೆ ಹೋಗುವವರೇ ಆ ಸ್ವಯಂಸೇವಕರು.

ಆದರೆ ಒಂದು ವರ್ಷದ ಡಿಪ್ಲೊಮಾ ಮಾಡಿ ಕೋರ್ಟಿನಲ್ಲಿ ವಾದ ಮಾಡಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. 1961ರ ವಕೀಲರ ಕಾಯ್ದೆಯ ಪ್ರಕಾರ ವಕೀಲಿ ವೃತ್ತಿ ನಡೆಸಲು ಎಲ್‌ಎಲ್‌.ಬಿ. ಮುಗಿಸಿ ವಕೀಲರಾಗಿ ನೋಂದಾಯಿಸಿಕೊಂಡಿರಬೇಕು. ವೃತ್ತಿ ಮುಂದುವರಿಸಲು ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಪಾಸಾಗಬೇಕು. ವಕೀಲರಾಗಬೇಕೆಂಬುದೇ ಆಸೆಯಾದರೆ ಪಿಯುಸಿ ನಂತರ ಐದು ವರ್ಷದ ಕಾನೂನು ಪದವಿ ಇದೆ, ಬೇರೆ ಪದವಿ ಮುಗಿಸಿದವರಿಗೆ ಮೂರು ವರ್ಷದ್ದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಐದು ವರ್ಷದ ಕೋರ್ಸಿಗೆ ಕ್ಲಾಟ್ ಬರೆಯಬೇಕು. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ಅನೇಕ ಊರುಗಳಲ್ಲಿವೆ. ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇ. 45, ಹಿಂದುಳಿದ ವರ್ಗದವರಿಗೆ ಶೇ. 42, ಪರಿಶಿಷ್ಟರಿಗೆ ಶೇ. 40 ಅಂಕ ಬೇಕು. ಕಾಲೇಜಿಗೆ ಭಾರತೀಯ ವಕೀಲರ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಮೊದಲು ನೋಡಿ. ಅದಿಲ್ಲದಿದ್ದರೆ ಐದು ವರ್ಷವೂ ಅಪ್ಪನ ದುಡ್ಡೂ ವ್ಯರ್ಥ.

ಕೊನೆಯದಾಗಿ

ನಾಲ್ಕರಲ್ಲಿ ಯಾವುದು ಮೇಲು ಎಂದು ನಾನು ಹೇಳಲಾರೆ. ಹೆಸರು ಕೇಳಿ ಹಣ ಕಟ್ಟಬೇಡಿ, ಮೂರು ಪ್ರಶ್ನೆಗೂ ಲಿಖಿತ ಉತ್ತರ ಸಿಕ್ಕ ಮೇಲೆ ಕಟ್ಟಿ ಎಂದಷ್ಟೇ ಹೇಳಬಲ್ಲೆ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಈಗಲೇ ಸರಿಮಾಡಿಟ್ಟುಕೊಳ್ಳಿ. ಒಂದರಲ್ಲಿ ‘ಮೊಹಮ್ಮದ್’, ಇನ್ನೊಂದರಲ್ಲಿ ಬರೀ ‘ಎಂ.ಡಿ.’ ಎಂದಿದ್ದರೆ ಅದನ್ನು ತಿದ್ದಿಸಲು ಪರೀಕ್ಷೆ ನಂತರದ ರಜೆ ಸಾಕಾಗದು.

ಕರಪತ್ರ ತಂದರೆ ಒಟ್ಟಿಗೆ ಕುಳಿತು ಓದೋಣ, ಇನ್‌ಶಾ ಅಲ್ಲಾಹ್. ತಂದೆ ತಾಯಿಯನ್ನೂ ಕರೆತನ್ನಿ.