ಕಾಡಿಲ್ಲದ ಪತಂಗ

ಬೆಳಕವಾಡಿಯ ಸುತ್ತ ಕಣ್ಣಿಗೆ ಮೊದಲು ಬೀಳುವುದು ಭತ್ತ, ಕಬ್ಬು. ಆದರೆ ಮಳವಳ್ಳಿ ತಾಲ್ಲೂಕಿನ ಹಲವು ಮನೆಗಳ ಸಂಸಾರ ನಡೆಯುವುದು ಹಿಪ್ಪುನೇರಳೆ ಸೊಪ್ಪಿನಿಂದ. ಅದನ್ನು ಮೇಯುವ ರೇಷ್ಮೆಹುಳು ಮಾತ್ರ ಇಲ್ಲಿಯ ಬೇಲಿಯಲ್ಲಾಗಲಿ, ಕಾವೇರಿ ದಡದ ಮರದಲ್ಲಾಗಲಿ ತಾನಾಗಿ ಹುಟ್ಟಿ ಬದುಕಿದ್ದಿಲ್ಲ. ಇಲ್ಲಿಯ ಮಾತಷ್ಟೇ ಅಲ್ಲ, ಬಾಂಬಿಕ್ಸ್ ಮೋರಿ ಎಂಬ ಈ ಪತಂಗಕ್ಕೆ ಲೋಕದಲ್ಲೆಲ್ಲೂ ಸ್ವಂತ ಕಾಡಿಲ್ಲ.

ಇದರ ಕಾಡುಬಂಧು ಬಾಂಬಿಕ್ಸ್ ಮ್ಯಾಂಡರಿನಾ ಚೀನಾ, ಕೊರಿಯಾ, ಜಪಾನಿನಲ್ಲಿ ಇಂದಿಗೂ ಇದೆ. ಕಂದುಬಣ್ಣದ ಆ ಪತಂಗ ಚೆನ್ನಾಗಿ ಹಾರುತ್ತದೆ. ಚೀನಾದಲ್ಲಿ ಸುಮಾರು 5,000 ವರ್ಷಗಳ ಹಿಂದೆ ಮನೆಯೊಳಗೆ ಬಂದ ಕವಲು ಬಣ್ಣ ಕಳೆದುಕೊಂಡಿತು, ಹಾರಾಟವನ್ನೂ ಮರೆಯಿತು. ಗೂಡು ಸೀಳಿ ಬಂದ ಚಿಟ್ಟೆ ಏನನ್ನೂ ತಿನ್ನದು. ಹೆಣ್ಣು ಸೂಸುವ ವಾಸನೆ ಹಿಡಿದು ಗಂಡು ರೆಕ್ಕೆ ಬಡಿಯುತ್ತ ತೆವಳಿ ಬರುತ್ತದೆ. ಆ ವಾಸನೆಯ ದ್ರವ್ಯವೇ ಬಾಂಬಿಕಾಲ್. 1959ರಲ್ಲಿ ಜರ್ಮನಿಯ ಬ್ಯೂಟನಾಂಟ್ ಗುರುತಿಸಿದ ಇದು, ಕೀಟಗಳ ಸಂದೇಶ-ರಾಸಾಯನಿಕಗಳಲ್ಲಿ ನಮಗೆ ತಿಳಿದ ಮೊದಲನೆಯದು.

ಚಳಿನಾಡಿನ ತಳಿಗಳ ಮೊಟ್ಟೆ ಚಳಿಗಾಲವಿಡೀ ನಿದ್ರಿಸಿ ವಸಂತದಲ್ಲಿ ಒಡೆಯುತ್ತದೆ. ಅಂಥ ಚಳಿ ನಮ್ಮಲ್ಲೆಲ್ಲಿ? ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರುಬಿಟ್ಟ ರೇಷ್ಮೆ ಕಸುಬಿನ ಆಧಾರವಾದ ಮೈಸೂರು ತಳಿಗೆ ಆ ನಿದ್ರೆಯೇ ಬೇಡ. ಇಟ್ಟ ಮೊಟ್ಟೆ ಹತ್ತು ಹನ್ನೆರಡು ದಿನಕ್ಕೆ ಮರಿಯಾಗುತ್ತದೆ, ವರ್ಷಕ್ಕೆ ಹಲವು ಬೆಳೆ ಬರುತ್ತದೆ. ನಾಲ್ಕು 'ಜ್ವರ', ಅಂದರೆ ಪೊರೆ ಕಳಚುವ ಹಂತ, ದಾಟಿ ಹಣ್ಣಾದ ಹುಳು ಚಂದ್ರಿಕೆ ಎಂಬ ತಟ್ಟಿಯ ಮೇಲೆ ಹಸಿರುಹಳದಿ ಗೂಡು ಕಟ್ಟುತ್ತದೆ. ಆ ಗೂಡಿನ ಎಳೆ ವರ್ಷಕ್ಕೆ ಎರಡು ಪೀಳಿಗೆಯ ದ್ವಿತಳಿಯ ಬಿಳಿ ಗೂಡಿನ ಎಳೆಯ ಅರ್ಧದಷ್ಟೂ ಉದ್ದವಿರದು, ನಿಜ. ಆದರೂ ಇದನ್ನು ಹಳೆಯ ಬಡ ತಳಿ ಎನ್ನುವವರ ಮಾತನ್ನು ನಾನೊಪ್ಪಲಾರೆ. ನಮ್ಮ ಏಪ್ರಿಲ್ ಸೆಖೆಯನ್ನು ಸಹಿಸಲು ಕಲಿತದ್ದು ಇದೇ ತಳಿ. ಇದರ ಹೆಣ್ಣಿಗೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ಸಿಎಸ್‌ಆರ್-2 ಎಂಬ ದ್ವಿತಳಿ ಗಂಡನ್ನು ಕೂಡಿಸಿದ ಮಿಶ್ರತಳಿಯಲ್ಲಿ ತಾಯಿಯ ಗಟ್ಟಿತನವೂ ತಂದೆಯ ಎಳೆಯ ಉದ್ದವೂ ಒಂದಿಷ್ಟು ಸೇರಿ ಬರುತ್ತವೆ.

ಹುಳು ಸಾಕುವವರಿಗೆ ಚಿಟ್ಟೆ ಕಾಣಸಿಗುವುದೇ ಅಪರೂಪ. ಗೂಡು ಮಾರುಕಟ್ಟೆಗೆ ಹೋಗುತ್ತದೆ, ಒಳಗಿನ ಕೋಶ ಬಿಸಿಗೆ ಸಾಯುತ್ತದೆ. ಚಿಟ್ಟೆ ಹೊರಬರುವುದು ಬಿತ್ತನೆ ಕೋಠಿಗಳಲ್ಲಿ. ಅಲ್ಲಿ ನಾನೂರರಷ್ಟು ಮೊಟ್ಟೆಯಿಟ್ಟ ತಾಯಿಯನ್ನು ಅರೆದು, ಗಂಟುರೋಗದ ಕಣಗಳಿವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಈ ಕ್ರಮವನ್ನು 1860ರ ದಶಕದಲ್ಲಿ ಹಾಕಿಕೊಟ್ಟವರು ಲೂಯಿ ಪಾಶ್ಚರ್. ರೋಗವಿಲ್ಲದ ತಾಯಿಯ ಮೊಟ್ಟೆಗಳಷ್ಟೇ ಹುಳುಮನೆಗೆ ಬರುತ್ತವೆ.